ರೈಟ್ ರೈಟ್ ಎಂದರೆ ಬಲಕ್ಕಲ್ಲ

“ಅವ್ವಾ, ನನ್ನ ತಗೊಂಡ್ರು! ಖರೇನ ತಗೊಂಡ್ರು! ಇಂಡಿಯಾ ಟೀಮಿಗೆ!”

“ಏನ? ಕೇಳವಲ್ಲದು. ಮುಂದ ಸರೀರಿ, ಒಳಗ ಸರೀರಿ, ಬಾಗಲದಾಗ ನಿಂದ್ರಬ್ಯಾಡ್ರಿ... ಯಾವ ಟೀಮಿಗೆ?”

“ಐಸ್ ಹಾಕಿ ಅವ್ವಾ! ಜೂನಿಯರ್ ಹುಡುಗ್ಯಾರ ಟೀಮು! ಮಲೇಶಿಯಾಕ್ಕ ಹೊಂಟೇನಿ!”

“ಐಸ್ ಮ್ಯಾಲ ನಿಂದ್ರಾಕ ಬರ್ತೈತೇನ ನಿನಗ?”

“ಇಲ್ಲ! ನಿಂದ್ರಾಕ ಬರೂದಿಲ್ಲ. ಓಡಾಕ ಬರ್ತೈತಿ. ಅದಕ್ಕ ತಗೊಂಡಾರ!”

ಫೋನಿನ ಆ ಕಡೆ ಬಸ್ಸಿನ ಇಂಜಿನ್ನು ಗುಡುಗುಡು ಎನ್ನುತ್ತಿತ್ತು. ಅದನ್ನೂ ಮೀರಿ ಅವ್ವನ ದನಿ ಇಡೀ ಬಸ್ಸಿಗೆ ಕೇಳುವಂತೆ ಬಂತು: “ನನ್ನ ಮಗಳು ಇಂಡಿಯಾ ಟೀಮಿಗೆ ಹೊಂಟಾಳ್ರೀ! ರೈಟ್, ರೈಟ್!”

ಈ ಮಾತುಕತೆ ನಡೆದಾಗ ನಾನು ಲೇಹ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ, ಆ ಹುಡುಗಿಯ ಎಡಗಾಲಿನಲ್ಲಿದ್ದೆ. ಅವಳು ಕುಣಿದ ಕುಣಿತಕ್ಕೆ ನನ್ನ ಲೇಸು ಬಿಚ್ಚಿಹೋಗಿತ್ತು. ಹೌದು, ನಾನು ಒಂದು ಐಸ್ ಸ್ಕೇಟು. ಜೋಡಿಯಲ್ಲಿ ಎಡಗಾಲಿನದು. ಈ ‘ಎಡ’ ಎಂಬುದನ್ನು ನೆನಪಿಡಿ. ನನ್ನ ಬಾಳಿನ ದುಃಖವೂ ಅದೇ, ಸಂಭ್ರಮವೂ ಅದೇ.

ಅಯ್ಯೋ, ಖುಷಿಯಲ್ಲಿ ನಡುವಿನಿಂದಲೇ ಶುರು ಮಾಡಿಬಿಟ್ಟೆ. ಹುಟ್ಟಿನಿಂದ ಹೇಳಬೇಕಲ್ಲವೇ?

ನಾನು ಹುಟ್ಟಿದ್ದು ಕೆನಡಾದ ಒಂದು ಕಾರ್ಖಾನೆಯಲ್ಲಿ. ಮೊದಲು ನನಗೆ ಬಾಯಿ ಬಂತು, ಆಮೇಲೆ ನಾಲಿಗೆ. ಬೂಟಿಗೂ ನಾಲಿಗೆ ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಎರಡೂ ಇರುವುದರಿಂದಲೇ ನಾನು ಇಷ್ಟು ಮಾತಾಡುವುದು. ಕೊನೆಗೆ ನನ್ನ ಅಡಿಗೆ ಒಂದು ಉಕ್ಕಿನ ಅಲಗನ್ನು ಬಿಗಿದರು. ಸಾಣೆ ಹಿಡಿದಾಗ ಕಚಗುಳಿಯಾಗಿ ಕಿಡಿ ಹಾರಿತು. ಪಕ್ಕದಲ್ಲಿ ಇನ್ನೊಂದು ಸ್ಕೇಟು ಆಗಲೇ ತಯಾರಾಗಿ ಕುಳಿತಿತ್ತು. ಅದು ಬಲಗಾಲಿನದು. ನನಗಿಂತ ಸ್ವಲ್ಪ ಮೊದಲು ಹುಟ್ಟಿತ್ತು, ಅಷ್ಟೇ. ಅಷ್ಟಕ್ಕೇ ಜೀವನಪೂರ್ತಿ ಹಿರಿತನ! ನಾನು ಅವನನ್ನು ಬಲಣ್ಣ ಎಂದೇ ಕರೆಯುತ್ತೇನೆ.

ಸ್ಕೇಟುಗಳಿಗೆ ಮನುಷ್ಯರ ಮೇಲೆ ಇರುವುದು ಒಂದೇ ದೂರು: ಅವರ ಪಾದ ಬೆಳೆಯುತ್ತದೆ. ನಮ್ಮನ್ನು ಮೊದಲು ಕೊಂಡ ಹುಡುಗ ಟೈಲರ್, ಒಂದು ಚಳಿಗಾಲ ನಮ್ಮನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ. ಮುಂದಿನ ಚಳಿಗಾಲಕ್ಕೆ ಅವನ ಹೆಬ್ಬೆರಳು ನನ್ನ ಮೂಗಿಗೆ ಗುದ್ದತೊಡಗಿತು. ಅಷ್ಟರಲ್ಲಿ ದೂರದ ಲಡಾಖಿನ ಮಕ್ಕಳಿಗೆಂದು ಅವರ ಊರಿನಲ್ಲಿ ಹಳೆಯ ಸ್ಕೇಟು ಒಟ್ಟುಮಾಡುತ್ತಿದ್ದರು. ಟೈಲರ್ ನಮ್ಮ ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿ ಡಬ್ಬಕ್ಕೆ ಹಾಕಿದ. ಹಾಕಿ, ಮತ್ತೆ ತೆಗೆದು ನೋಡಿ, ಮತ್ತೆ ಹಾಕಿದ.

ಹೀಗೆ ನಾವು ಸಮುದ್ರ ದಾಟಿ, ಬೆಟ್ಟ ಹತ್ತಿ, ಲೇಹ್ ಸೇರಿದೆವು. ಅಲ್ಲಿ ನಮ್ಮನ್ನು ತೊಟ್ಟವಳು ಡಿಸ್ಕಿತ್. ಕೆಂಪು ಕೆನ್ನೆಯ, ಕಡಿಮೆ ಮಾತಿನ ಹುಡುಗಿ. ಕೆರೆಯ ಮೇಲೆ ಆಡಿ ಬಂದು ನಮ್ಮನ್ನು ಬುಖಾರಿ ಒಲೆಯ ಪಕ್ಕ ಒಣಗಿಸುತ್ತಿದ್ದಳು. ಒಲೆಗೆ ಹತ್ತಿರದ ಜಾಗ ಬಲಣ್ಣನಿಗೆ, ಆಚೆಯದು ನನಗೆ. ಎರಡು ಚಳಿಗಾಲ ಕಳೆಯಿತು. ಡಿಸ್ಕಿತ್‌ಳ ಪಾದವೂ ಬೆಳೆಯಿತು. ನಾವು ಟ್ರಂಕು ಸೇರಿದೆವು.

ಆಗ ಬಂದಳು ನೋಡಿ, ಬೆಳಗಾವಿಯ ಶಾಂಭವಿ ಮುತ್ನಾಳ!

ಕಾಲಿಗೆ ಚಕ್ರ ಕಟ್ಟಿಕೊಂಡು ಬೆಳೆದ ಹುಡುಗಿ. ಬೆಳಗಾವಿಯಲ್ಲಿ ರೋಲರ್ ಸ್ಕೇಟಿಂಗ್ ಮಾಡುವ ಮಕ್ಕಳು ಬಹಳ. ಅವರಲ್ಲೆಲ್ಲ ಇವಳು ಜೋರು ಎಂದು ಯಾರೋ ಹೇಳಿ, ಜೂನಿಯರ್ ಐಸ್ ಹಾಕಿ ಕ್ಯಾಂಪಿಗೆ ಕರೆಸಿದ್ದರು. ಅಲ್ಲಿಯವರೆಗೆ ಅವಳು ನೋಡಿದ ಐಸೆಂದರೆ ಕಬ್ಬಿನ ಹಾಲಿನ ಅಂಗಡಿಯ ಗಡ್ಡೆ ಮಾತ್ರ. ಕಾಲಿಗೆ ಐಸ್ ಸ್ಕೇಟು ಇರಲಿಲ್ಲ. ಅದೇ ಕ್ಯಾಂಪಿಗೆ ಬಂದಿದ್ದ ಡಿಸ್ಕಿತ್ ಟ್ರಂಕಿನಿಂದ ನಮ್ಮನ್ನು ತೆಗೆದು ಅವಳ ಮುಂದಿಟ್ಟಳು. ‘ಬಲದ್ದು ಒಳ್ಳೆಯದು. ಎಡದ್ದು ಸ್ವಲ್ಪ ತಂಟೆ’ ಎಂದು ಹಿಂದಿಯಲ್ಲಿ ಹೇಳಿಯೂ ಹೇಳಿದಳು. ನನಗೆ ಹೇಗಾಗಿರಬೇಡ!

ಶಾಂಭವಿ ನಮ್ಮನ್ನು ತೊಟ್ಟು ನಿಂತಳು. ಒಮ್ಮೆ ಓಲಾಡಿದಳು. ಆಮೇಲೆ ಹೊರಟಳು. ಅಬ್ಬಬ್ಬಾ, ಅದು ಓಟವೇ! ಟೈಲರ್ ಓಡಿದ್ದ, ಡಿಸ್ಕಿತ್ ಓಡಿದ್ದಳು, ಆದರೆ ನನ್ನ ಅಲಗು ಹಾಗೆ ಹಾಡಿದ್ದು ಅದೇ ಮೊದಲು. ಗಾಳಿ ನನ್ನ ಲೇಸುಗಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಕೆರೆಯ ಈ ದಡದಿಂದ ಆ ದಡ ಬಂದೇ ಬಿಟ್ಟಿತು. ದಡ ಬಂತು, ಸರಿ. ಅವಳು ನಿಲ್ಲಲಿಲ್ಲ. ನೇರ ಹೋಗಿ ಅಂಚಿನ ಹಿಮದ ಗುಡ್ಡೆಗೆ ನುಗ್ಗಿದಳು. ಹೊರಗೆ ಕಾಣುತ್ತಿದ್ದದ್ದು ನಾವಿಬ್ಬರು ಮಾತ್ರ, ಅದೂ ಆಕಾಶ ನೋಡುತ್ತಾ.

“ಸತ್ತ್ಯೇನೇ?” ಎಂದು ಯಾರೋ ಕನ್ನಡದಲ್ಲಿ ಕೂಗಿದರು. ಅದು ಮೇದಿನಿ. ಟೀಮಿನ ಗೋಲ್‌ಕೀಪರ್, ಮೈಸೂರಿನವಳು. ಇಡೀ ಕ್ಯಾಂಪಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ.

“ಇಲ್ಲ, ಅದೀನಿ,” ಎಂದು ಹಿಮದೊಳಗಿನಿಂದ ಉತ್ತರ ಬಂತು. “ಇದಕ್ಕ ಬ್ರೇಕ್ ಎಲ್ಲೈತಿ?”

ಅದೇ ತೊಂದರೆ. ಚಕ್ರದ ಸ್ಕೇಟಿನಲ್ಲಿ ನಿಲ್ಲಬೇಕೆಂದರೆ ಒಂದು ಕಾಲನ್ನು ಹಿಂದೆ ಅಡ್ಡ ಇಟ್ಟು ಎಳೆದರೆ ಸಾಕು. ಐಸಿನಲ್ಲಿ ಹಾಗಲ್ಲ. ಸೊಂಟ ತಿರುಗಿಸಿ, ಎರಡೂ ಅಲಗುಗಳನ್ನು ಅಡ್ಡ ಹಾಕಿ, ಮಂಡಿ ಬಗ್ಗಿಸಿ, ಐಸನ್ನು ಹೆರೆಯಬೇಕು. ಶಾಂಭವಿಗೆ ಮಾತ್ರ ಹಳೆಯ ಚಾಳಿ. ಬಲಗಾಲಿನ ಮೇಲೆ ನಿಂತು ಎಡಗಾಲನ್ನು ಎಳೆಯುತ್ತಿದ್ದಳು. ಎಡಗಾಲು ಎಂದರೆ ನಾನು! ಬಲಣ್ಣ ರಾಜನ ಹಾಗೆ ಮುಂದೆ, ನಾನು ಕಸಬರಿಗೆಯ ಹಾಗೆ ಹಿಂದೆ. ಕರಕರ ಎಂದು ಅಳುತ್ತಾ ಎಳೆದುಕೊಂಡು ಹೋಗುತ್ತಿದ್ದೆ. ಅವಳು ನಿಲ್ಲುತ್ತಲೂ ಇರಲಿಲ್ಲ.

ಕೋಚ್ ರಿಗ್ಜಿನ್ ಸರ್ ಅವಳ ಓಟ ನೋಡಿ ಆರಿಸಿದರು. ಆದರೆ ಬೆರಳೆತ್ತಿ ಒಂದು ಮಾತು ಹೇಳಿದರು: ‘ಮಲೇಶಿಯಾಕ್ಕೆ ಹೋಗುವುದರೊಳಗೆ ನಿಲ್ಲುವುದನ್ನು ಕಲಿ. ಅಲ್ಲಿಯ ಗೋಡೆ ಹಿಮದ್ದಲ್ಲ.’

ಕ್ಯಾಂಪು ಮುಗಿಸಿ ನಾವು ಅವಳ ಹೆಗಲೇರಿ ಬೆಳಗಾವಿಗೆ ಬಂದೆವು. ರೈಲು ಇಳಿದು ಹತ್ತಿದ್ದೇ ಅವಳ ಅವ್ವ ಕಸ್ತೂರಿಯ ಸಿಟಿ ಬಸ್ಸು. ಹೌದು, ಅವ್ವ ಕಂಡಕ್ಟರು! ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷೀನು. ಮಗಳನ್ನು ನೋಡಿ ಮುಖ ಅರಳಿತು. ನಮ್ಮನ್ನು ನೋಡಿ ಹುಬ್ಬು ಮೇಲೇರಿತು.

“ಇದ್ಯಾರ ಲಗೇಜು?”

“ನಂದ ಅವ್ವಾ.”

“ಅವ್ವಾ ಗಿವ್ವಾ ಮನ್ಯಾಗ. ಲಗೇಜಿಗೆ ಟಿಕೆಟ್ ತಗೋ.”

“ಕಂಡಕ್ಟರ್ ಅಕ್ಕಾ, ಇಂಡಿಯಾ ಟೀಮಿನಾಕಿಗೆ ಟಿಕೆಟ್ ಏನ್ರೀ?” ಎಂದು ಹಿಂದಿನ ಸೀಟಿನಿಂದ ಒಬ್ಬರು ನಕ್ಕರು.

“ಆಕಿ ಟೀಮಿನಾಕಿ. ಬೂಟು ಯಾವ ಟೀಮಿನೂ ಅಲ್ಲ,” ಎಂದು ಕಸ್ತೂರಿ ಟಿಕೆಟ್ ಹರಿದು ಕೊಟ್ಟೇಬಿಟ್ಟಳು. ನಮ್ಮಿಬ್ಬರ ಹೆಸರಿನಲ್ಲಿ ಹರಿದ ಮೊದಲ ಟಿಕೆಟ್ಟು! ನಾನು ಹಿಗ್ಗಿ ಹೋದೆ.

ಆ ಬಸ್ಸಿನಲ್ಲಿ ನಾನು ಎರಡು ಮಾತು ಕಲಿತೆ. ಬಸ್ಸು ನಿಲ್ಲಬೇಕಾದರೆ ಕಸ್ತೂರಿ “ಹೋಲ್ಡಾನ್!” ಎನ್ನುತ್ತಾಳೆ. ಹೊರಡಬೇಕಾದರೆ “ರೈಟ್, ರೈಟ್!” ಎನ್ನುತ್ತಾಳೆ. ಮೊದಲ ಸಲ ಅದನ್ನು ಕೇಳಿ ಬಲಣ್ಣ ಎದೆಯುಬ್ಬಿಸಿದ. ‘ನೋಡಿದೆಯಾ, ಈ ಊರಿನಲ್ಲಿ ಎಲ್ಲ ಕೆಲಸಕ್ಕೂ ಬಲದವನನ್ನೇ ಕರೆಯುತ್ತಾರೆ.’ ನನಗೆ ಅಳು ಬಂತು. ನಾಲ್ಕು ಸ್ಟಾಪು ದಾಟಿದ ಮೇಲೆ ಕಸ್ತೂರಿ “ರೈಟ್ ರೈಟ್” ಎಂದಾಗ ಬಸ್ಸು ಒಮ್ಮೆ ಎಡಕ್ಕೆ ತಿರುಗಿತು. ಆಗ ಗೊತ್ತಾಯಿತು, ಅದರ ಅರ್ಥ ಬರೀ ‘ನಡಿ’ ಎಂದು. ನಾನು ಬಲಣ್ಣನ ಕಡೆ ನೋಡಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

ಇನ್ನೊಂದನ್ನೂ ನೋಡಿದೆ. ಬಸ್ಸಿನಲ್ಲಿ ಜಾಗವಿದ್ದರೂ ಶಾಂಭವಿ ಕೂರಲಿಲ್ಲ. ಕಂಡಕ್ಟರಳ ಮಗಳು ಸೀಟು ಹಿಡಿಯಬಾರದು ಎಂಬುದು ಅವ್ವನ ಕಾಯಿದೆ. ಸಣ್ಣವಳಿದ್ದಾಗಿನಿಂದ ಅವಳು ಆ ಬಸ್ಸಿನ ನಡುವೆ ಕಂಬಿ ಹಿಡಿಯದೆ ನಿಂತೇ ಶಾಲೆಗೆ ಹೋದವಳು. “ಹೋಲ್ಡಾನ್” ಎಂದಾಗ ಡ್ರೈವರ್ ಬ್ರೇಕ್ ಒತ್ತುತ್ತಾನೆ, ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಾವಿಬ್ಬರೂ ಅವಳ ಹೆಗಲಿನಿಂದ ಹಾರಿ ಕಂಬಿಗೆ ಬಡಿಯುತ್ತೇವೆ. ಅವಳು ಮಾತ್ರ ಅಲುಗುವುದಿಲ್ಲ. ಫೋನು ನೋಡುತ್ತಾ ನಿಂತಿರುತ್ತಾಳೆ.

ಹೊರಡುವ ದಿನ ಕಸ್ತೂರಿ ಸಿಹಿ ಕುಂದಾದ ಡಬ್ಬಿಯನ್ನು ತಂದು ಸೀದಾ ನನ್ನೊಳಗೆ ತುರುಕಿದಳು.

“ಬೂಟಿನಾಗ ಕುಂದಾ ಇಡತಾರೇನ ಅವ್ವಾ!”

“ಚೀಲದಾಗ ಜಾಗಾ ಎಲ್ಲೈತಿ? ಬೂಟು ಹೆಂಗೂ ಖಾಲಿ ಕುಂತೈತಿ. ಡಬ್ಬಿ ಭದ್ರ ಮುಚ್ಚೇನಿ, ಬಾಯಿ ಮುಚ್ಚು.”

ಡಬ್ಬಿ ಭದ್ರವಾಗಿರಲಿಲ್ಲ. ಇವತ್ತಿಗೂ ನನ್ನನ್ನು ಮೂಸಿದರೆ ಕುಂದಾ ವಾಸನೆ ಬರುತ್ತದೆ. ಬಲಣ್ಣನಲ್ಲಿ ಬರೀ ಸಾಕ್ಸ್ ವಾಸನೆ. ಯಾರು ಮೇಲು ಈಗ ಹೇಳಿ!

ಕೌಲಾಲಂಪುರ! ಅಲ್ಲಿ ಹೊರಗೆ ಕಾಲಿಟ್ಟರೆ ಬೆವರು, ಒಂದು ದೊಡ್ಡ ಮಾಲಿನ ಬಾಗಿಲು ತೆಗೆದರೆ ಒಳಗೆ ಐಸು. ಲೇಹ್‌ನ ಕೆರೆಯಷ್ಟು ದೊಡ್ಡದಲ್ಲ, ಆದರೆ ಕನ್ನಡಿಯ ಹಾಗೆ ನುಣುಪು. ಸುತ್ತಲೂ ಗಟ್ಟಿ ಹಲಗೆಯ ಗೋಡೆ, ಅದರ ಮೇಲೆ ಗಾಜು. ಮೇಲಿನ ಮಹಡಿಗಳಲ್ಲಿ ಜನ ನೂಡಲ್ಸ್ ತಿನ್ನುತ್ತಾ ಬಗ್ಗಿ ನೋಡುತ್ತಿದ್ದರು. ನಾಲ್ಕು ದೇಶಗಳ ಬಾವುಟ ತೂಗುತ್ತಿತ್ತು: ಮಲೇಶಿಯಾ, ಥಾಯ್ಲೆಂಡ್, ಸಿಂಗಪುರ, ನಮ್ಮದು. ಬಾವುಟ ನೋಡಿ ಶಾಂಭವಿ ನನ್ನೊಳಗೆ ಕಾಲ್ಬೆರಳು ಮುದುರಿಕೊಂಡದ್ದು ನನಗೆ ಮಾತ್ರ ಗೊತ್ತು. ನಾನು ಅಲ್ಲೇ ಕೆಳಗಿದ್ದೆನಲ್ಲ.

ಮೊದಲ ಮ್ಯಾಚು ಥಾಯ್ಲೆಂಡಿನ ಜೊತೆ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಅದು ಓಡುವ ವೇಗಕ್ಕೆ ಕಣ್ಣು ಸಾಲದು. ಎರಡೂ ಕಡೆ ಒಂದೊಂದು ಗೋಲಾಗಿ, ಮ್ಯಾಚು ಮುಗಿಯುತ್ತಾ ಬಂದಿತ್ತು. ಪಕ್ಕು ಡಿಸ್ಕಿತ್‌ಳ ಕೋಲಿಗೆ ಸಿಕ್ಕಿತು. ಮುಂದೆ ದಾರಿ ಖಾಲಿ! ಶಾಂಭವಿಗೆ ತಡೆಯಲಾಗಲಿಲ್ಲ. ಹಿಂದಿನಿಂದ ಗಂಟಲು ಹರಿಯುವಂತೆ ಕೂಗಿದಳು:

“ರೈಟ್! ರೈಟ್! ರೈಟ್!”

ನಡಿ, ನಡಿ, ನಡಿ ಎಂದು ಅವಳ ಅರ್ಥ. ಡಿಸ್ಕಿತ್ ಪಾಪ, ಬೆಳಗಾವಿಯ ಬಸ್ಸು ಹತ್ತಿದವಳಲ್ಲ. ಗೆಳತಿ ಬಲಕ್ಕೆ ಪಾಸ್ ಕೇಳುತ್ತಿದ್ದಾಳೆ ಎಂದುಕೊಂಡು ನೋಡದೆ ಬಲಕ್ಕೆ ಹೊಡೆದಳು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಥಾಯ್ ಹುಡುಗಿಯೊಬ್ಬಳು ಇದ್ದಳು. ಅವಳು ಪಕ್ ಹಿಡಿದು ಓಡಿದಳು. ಅವಳನ್ನು ಹಿಡಿಯಲು ಶಾಂಭವಿ ಬಿರುಗಾಳಿಯಂತೆ ಹಿಂದೆ ಬಂದಳು, ನನ್ನನ್ನು ಎಳೆದಳು, ನಿಲ್ಲಲಿಲ್ಲ. ನಮ್ಮ ಮೇದಿನಿಯನ್ನೇ ಗುದ್ದಿ, ಅವಳನ್ನೂ ಕರೆದುಕೊಂಡು ಗೋಡೆಗೆ ಹೋದಳು. ಖಾಲಿ ಗೋಲಿಗೆ ಪಕ್ ಮೆಲ್ಲಗೆ ನಡೆದು ಹೋಯಿತು. ಸೋತೆವು.

“ನಮ್ ಟೀಮ್ ಕಣೇ ನಾನು!” ಎಂದಳು ಮೇದಿನಿ, ಕೆಳಗೆ ಬಿದ್ದಲ್ಲಿಂದಲೇ.

ರಿಗ್ಜಿನ್ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಲ್ಲಲು ಬರುವವರೆಗೆ ಐಸಿಗೆ ಇಳಿಯುವ ಹಾಗಿಲ್ಲ ಎಂದು ಶಾಂತವಾಗಿ ಹೇಳಿ ಬೆಂಚು ತೋರಿಸಿದರು. ಎರಡನೆಯ ಮ್ಯಾಚು, ಮಲೇಶಿಯಾದ ಜೊತೆ, ನಾವು ಬೆಂಚಿನ ಕೆಳಗಿನ ರಬ್ಬರ್ ಹಾಸಿನ ಮೇಲೆ ಕಳೆದೆವು. ಎದುರಿಗೇ ಐಸು, ಮುಟ್ಟುವ ಹಾಗಿಲ್ಲ. ಅದನ್ನೂ ಸೋತೆವು. ಉಳಿದದ್ದು ಸಿಂಗಪುರದ ಜೊತೆ ಒಂದೇ ಮ್ಯಾಚು. ಇಷ್ಟು ದೂರ ಬಂದ ಟೀಮು ಒಂದಾದರೂ ಗೆಲ್ಲದೆ ಹೋಗಬೇಕೇ? ಇಷ್ಟು ದೂರ ಬಂದ ಶಾಂಭವಿ ಕೂತೇ ಹೋಗಬೇಕೇ?

ಆ ಸಂಜೆ ಹೋಟೆಲಿನಲ್ಲಿ ಅವಳು ನಮ್ಮನ್ನು ಬಿಚ್ಚದೆ, ಅಲಗಿಗೆ ಕವಚ ಹಾಕಿಕೊಂಡೇ ಮಂಚದ ಮೇಲೆ ಕೂತಿದ್ದಳು. ಅವ್ವನ ಫೋನು ಬಂತು.

“ನಾಳೆ ಡ್ಯೂಟಿ ಬದಲಿ ಮಾಡಿಕೊಂಡೇನಿ. ಡಿಪೋದಾಗ ದೊಡ್ಡ ಟೀವಿಗೆ ಮ್ಯಾಚ್ ಹಚ್ಚತಾರಂತ. ಎಲ್ಲಾರೂ ಕುಂತ ನೋಡತೇವಿ.”

“ನೋಡಬ್ಯಾಡ್ರಿ ಅವ್ವಾ.”

“ಯಾಕ?”

“ಸುಮ್ನ.”

“ಸುಮ್ನ ಅಂದ್ರ?”

“ನನ್ನ ಆಡಸಾಕತ್ತಿಲ್ಲ. ನಿಂದ್ರಾಕ ಬರೂದಿಲ್ಲಂತ ಬೆಂಚಿನ ಮ್ಯಾಲ ಕುಂಡ್ರಿಸ್ಯಾರ.”

ಒಂದು ಹನಿ ನನ್ನ ಮೂಗಿನ ಮೇಲೆ ಬಿತ್ತು. ಬೆಚ್ಚಗಿತ್ತು.

“ಹೌದೇನ?” ಎಂದಳು ಕಸ್ತೂರಿ. “ನನ್ನ ಬಸ್ಸಿನಾಗ ಒಂದ ದಿನಾ ಸೀಟ್ ಹಿಡೀಲಿಲ್ಲ. ಮಲೇಶಿಯಾಕ್ಕ ಹೋಗಿ ಸೀಟ್ ಹಿಡದ್ಯಲ್ಲವಾ!”

ಶಾಂಭವಿಗೆ ಅಳುತ್ತಲೇ ನಗು ಬಂದು ಮೂಗು ಸೋರಿತು.

“ಕುಂತದ್ದು ಸಾಕು. ಏಳ. ನಾವಂತೂ ನೋಡತೇವಿ. ನೀ ಆಡದಿದ್ರ ಬೆಂಚರ ನೋಡತೇವಿ.”

ಮರುದಿನ ಬೆಳಿಗ್ಗೆ ಅಭ್ಯಾಸ. ಶಾಂಭವಿಗೆ ಛಲ ಹತ್ತಿತ್ತು. ರಿಂಕಿನ ಆ ತುದಿಯಿಂದ ಹೊರಟಳು. ಈ ತುದಿಯಲ್ಲಿ ಗೋಲಿನ ಮುಂದೆ ಮೇದಿನಿ. ನಾವು ಬರುವ ವೇಗ ನೋಡಿ ಅವಳ ಕಣ್ಣು ಮುಖವಾಡದೊಳಗೇ ಅಗಲವಾಯಿತು. ಥಾಯ್ಲೆಂಡ್ ಮ್ಯಾಚಿನ ಗುದ್ದು ಇನ್ನೂ ಮಾಸಿರಲಿಲ್ಲ. ಎರಡೂ ಕೈ ಮುಂದೆ ಚಾಚಿ, ಮೈಸೂರಿನ ಬಸ್ಸುಗಳನ್ನೆಲ್ಲ ನೆನೆದು ಕಿರುಚಿದಳು:

“ಏಯ್! ಏಯ್! ಹೋಲ್ಡಾನ್! ಹೋಲ್ಡಾನ್ ಕಣೇ!”

ಆಗ ನಡೆದದ್ದನ್ನು ಹೇಗೆ ಹೇಳಲಿ! ಶಾಂಭವಿ ಯೋಚಿಸಲಿಲ್ಲ. ಯೋಚಿಸಲು ಹೊತ್ತೆಲ್ಲಿತ್ತು? “ಹೋಲ್ಡಾನ್” ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವಳ ಮೈ ತಾನೇ ಬಸ್ಸಿನ ನಡುವೆ ನಿಂತ ಹಾಗೆ ನಿಂತುಬಿಟ್ಟಿತು. ಸೊಂಟ ಅಡ್ಡ ತಿರುಗಿತು. ಮಂಡಿ ಬಗ್ಗಿತು. ನಾನು ಹಿಂದೆ ಎಳೆಸಿಕೊಳ್ಳಲಿಲ್ಲ. ಬಲಣ್ಣನ ಪಕ್ಕಕ್ಕೆ, ಅವನಿಗೆ ಸಮನಾಗಿ, ಅಡ್ಡ ಬಂದು ಕೂತೆ. ಅವಳ ಭಾರವೆಲ್ಲ ನನ್ನ ಅಂಚಿನ ಮೇಲೆ. ಜರ್ರ್ ಎಂದು ಐಸನ್ನು ಹೆರೆದೆವು. ಬಿಳಿಯ ಪುಡಿ ಬೀಸಣಿಗೆಯ ಹಾಗೆ ಎದ್ದು ಮೇದಿನಿಯ ಮುಖವಾಡವನ್ನು ತುಂಬಿತು.

ನಿಂತಿದ್ದೆವು.

“ಏನೇ ಮಾಡ್ದೆ ಈಗ?” ಎಂದಳು ಮೇದಿನಿ, ಪುಡಿ ಉಗುಳುತ್ತಾ.

“ನಿಂತೆ.”

“ನಿಂತ್ಯಾ?”

“ನಿಂತ್ನಲ್ಲ! ಇನ್ನೊಮ್ಮೆ ಅನ್ನು!”

“ಹೋಲ್ಡಾನ್!” ನಿಂತಳು. “ಹೋಲ್ಡಾನ್!” ನಿಂತಳು. ಬೇರೆ ಹುಡುಗಿಯರೂ ಕೂಗತೊಡಗಿದರು. ಕೊನೆಗೆ ರಿಗ್ಜಿನ್ ಸರ್ ಕೂಡ ಸೀಟಿ ಬಾಯಿಂದ ತೆಗೆದು, ಲಡಾಖಿ ರಾಗದಲ್ಲಿ ‘ಹೋಲ್-ಡಾನ್’ ಎಂದು ಪರೀಕ್ಷಿಸಿ ನೋಡಿದರು. ಅವರಿಗೂ ನಿಂತಳು. ಅವರು ತಮ್ಮ ಚೀಟಿಯಲ್ಲಿ ಹೊಡೆದುಹಾಕಿದ್ದ ಅವಳ ಹೆಸರನ್ನು ಮತ್ತೆ ಬರೆದುಕೊಂಡರು.

ಡಿಸ್ಕಿತ್ ದೂರದಿಂದ ಬಂದು ಕೇಳಿದಳು, ಇದೇನು ಮಂತ್ರ ಎಂದು. ಬಸ್ಸು ನಿಲ್ಲಿಸುವ ಮಂತ್ರ ಎಂದು ಮೇದಿನಿ ವಿವರಿಸಿದಳು. ಹಾಗಾದರೆ ಹೊರಡಿಸುವುದಕ್ಕೆ ಏನನ್ನುತ್ತಾರೆ? “ರೈಟ್ ರೈಟ್.”

ಡಿಸ್ಕಿತ್ ಅದನ್ನು ತನ್ನ ಬಾಯಲ್ಲೂ ಒಮ್ಮೆ ಅಂದು ನೋಡಿದಳು. ಆಮೇಲೆ ಐಸಿನ ಮೇಲೆ ಕೂತೇಬಿಟ್ಟು, ಹೊಟ್ಟೆ ಹಿಡಿದು ನಕ್ಕಳು. ಎರಡು ದಿನದಿಂದ ಅವಳು ಶಾಂಭವಿಯ ಜೊತೆ ಮಾತು ಬಿಟ್ಟಿದ್ದಳು. ತಾನು ಕೇಳಿದ ಪಾಸನ್ನೇ ಹಿಡಿಯಲಾಗದವಳು ಎಂದು ಅವಳ ಸಿಟ್ಟು. ನಗು ನಿಂತ ಮೇಲೆ ಅವಳ ಕಣ್ಣು ಸಣ್ಣಗಾಯಿತು. ಸಿಂಗಪುರದ ಹುಡುಗಿಯರು ಇಂಗ್ಲಿಷ್ ಮಾತಾಡುವವರು, ಬೆಳಗಾವಿಯ ಬಸ್ಸು ಅವರೂ ಹತ್ತಿಲ್ಲ ಅಲ್ಲವೇ, ಎಂದಳು. ಮೂವರ ತಲೆ ಒಂದಾಯಿತು. ಕೆಳಗಿದ್ದ ನನಗೆ ಎಲ್ಲ ಕೇಳಿಸಿತು. ಬಲಣ್ಣನಿಗೆ ನಾನೇ ಅರ್ಥ ಮಾಡಿಸಬೇಕಾಯಿತು.

ಮ್ಯಾಚು ಶುರುವಾಯಿತು. ಸಿಂಗಪುರದವರು ಅಚ್ಚುಕಟ್ಟಾದ ಟೀಮು. ಮೇದಿನಿ ಕೈ, ಕಾಲು, ಹೊಟ್ಟೆ, ಎಲ್ಲವನ್ನೂ ಅಡ್ಡ ಹಾಕಿ ತಡೆದಳು. ಅವರು ಒಂದು ಹೊಡೆದರೆ ನಾವು ಒಂದು. ಕೊನೆಯ ಹೊತ್ತಿಗೆ ಎರಡು ಎರಡು. ಶಾಂಭವಿ ಇನ್ನೂ ಬೆಂಚಿನ ಮೇಲೆಯೇ. ಅವಳ ಹಿಮ್ಮಡಿ ನನ್ನೊಳಗೆ ತಾಳ ಹಾಕುತ್ತಿತ್ತು. ಆಗ ರಿಗ್ಜಿನ್ ಸರ್ ಕೈ ಅವಳ ಹೆಲ್ಮೆಟ್ಟಿನ ಮೇಲೆ ಟಪ್ ಎಂದು ಬಿತ್ತು.

ಐಸು! ಐಸು! ಮತ್ತೆ ಐಸು!

ಡಿಸ್ಕಿತ್ ನಡುವೆ ಪಕ್ ಹಿಡಿದು ಹೊರಟಳು. ನಾವು ಎಡಗಡೆಯಿಂದ ಹೊರಟೆವು. ಅಲಗು ಹಾಡಿತು. ಎದುರಿಗೆ ಸಿಂಗಪುರದ ಇಬ್ಬರು ಹುಡುಗಿಯರು ದಾರಿ ಮುಚ್ಚಿ ನಿಂತಿದ್ದರು, ಅವರ ಹಿಂದೆ ಗೋಲ್‌ಕೀಪರ್. ಶಾಂಭವಿ ಉಸಿರು ತುಂಬಿಕೊಂಡು ಇಡೀ ಮಾಲಿಗೆ ಕೇಳುವಂತೆ ಕೂಗಿದಳು:

“ರೈಟ್! ರೈಟ್!”

ಇಬ್ಬರೂ ನಮ್ಮ ಬಲಕ್ಕೆ ಜಿಗಿದರು. ಗೋಲ್‌ಕೀಪರ್ ಬಲಕ್ಕೆ ಸರಿದಳು. ಡಿಸ್ಕಿತ್ ಮಾತ್ರ ಈ ಸಲ ಬಲಕ್ಕೆ ನೋಡಲೇ ಇಲ್ಲ. ನಡಿ ಎಂದರೆ ನಡಿ! ಅವರು ಬಿಟ್ಟುಕೊಟ್ಟ ಜಾಗದಲ್ಲಿ ನೇರ ನುಗ್ಗಿ ಕೋಲೆತ್ತಿದಳು. ನಾವು ಗೋಲಿನ ಎಡಗಂಬದ ಹತ್ತಿರ ಬಂದುಬಿಟ್ಟಿದ್ದೆವು, ಅದೇ ಹುಚ್ಚು ವೇಗದಲ್ಲಿ. ಇನ್ನೊಂದು ಕ್ಷಣಕ್ಕೆ ಗೋಡೆ. ಅಷ್ಟರಲ್ಲಿ ರಿಂಕಿನ ಆ ತುದಿಯಿಂದ ಮೇದಿನಿಯ ದನಿ ಬಾಣದಂತೆ ಬಂತು:

“ಹೋಲ್ಡಾ...ನ್!”

ಜರ್ರ್! ನಿಂತೆವು. ಕಂಬದ ಪಕ್ಕದಲ್ಲಿ, ಅಡ್ಡವಾಗಿ, ಕಲ್ಲಿನ ಹಾಗೆ. ಡಿಸ್ಕಿತ್ ಹೊಡೆದ ಪಕ್ ಗೋಲಿಗೆ ಬರುತ್ತಿರಲಿಲ್ಲ. ಹೊರಗೆ ಹೋಗುತ್ತಿತ್ತು. ಅದು ಬಂದು ಬಡಿದದ್ದು ನನಗೆ! ನನ್ನ ಪಕ್ಕೆಗೆ ಧಡ್ ಎಂದು ಬಡಿದು, ತಿರುಗಿ, ಬಲೆಯೊಳಗೆ ಹೋಗಿ ಮಲಗಿತು.

ಮಾಲು ಚೀರಿತು. ಆದರೆ ರೆಫರಿ ಎರಡೂ ಕೈ ಎತ್ತಿ ಎಲ್ಲರನ್ನೂ ತಡೆದರು. ಸ್ಕೇಟಿಗೆ ತಾಗಿ ಪಕ್ ಒಳಗೆ ಹೋದರೆ ಗೋಲು. ಸ್ಕೇಟಿನಿಂದ ಒದ್ದು ಕಳಿಸಿದರೆ ಗೋಲಲ್ಲ. ಒದ್ದಳೋ, ತಾಗಿತೋ? ರೆಫರಿ ವಿಡಿಯೋ ಪರದೆಯ ಮುಂದೆ ಬಗ್ಗಿ ನಿಂತರು. ಡಿಸ್ಕಿತ್ ಕಣ್ಣು ಮುಚ್ಚಿದಳು. ಶಾಂಭವಿಯ ಕಾಲು ನನ್ನೊಳಗೆ ಬೆವೆತಿತ್ತು. ನಾನು ಕೂಗುತ್ತಲೇ ಇದ್ದೆ: ನಾನು ಒದೆಯಲಿಲ್ಲ! ನಾನು ನಿಂತಿದ್ದೆ! ಬಾಯಿ ಇದ್ದು, ನಾಲಿಗೆ ಇದ್ದು, ಏನು ಫಲ? ಯಾರಿಗೂ ಕೇಳಿಸದು.

ಪರದೆಯ ಮೇಲೆ ನನ್ನ ಮುಖ ದೊಡ್ಡದಾಗಿ ಬಂತು. ನಿಧಾನವಾಗಿ ತೋರಿಸಿದರು. ಐಸಿನ ಪುಡಿ ಎದ್ದಿತು, ಕೆಳಗೆ ಇಳಿಯಿತು. ಪಕ್ ಆಮೇಲೆ ಬಂತು. ನಾನು ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ರೆಫರಿ ನೆಟ್ಟಗಾದರು. ತೋಳು ಚಾಚಿ ಬಲೆಯ ಕಡೆ ತೋರಿಸಿದರು.

ಗೋಲು! ನಿಂತದ್ದಕ್ಕೇ ಗೋಲು!

ಉಳಿದ ಹೊತ್ತು ಮೇದಿನಿ ಗೋಲು ಕಾದಳು. ಗಂಟೆ ಬಾರಿಸಿದಾಗ ಎಲ್ಲರೂ ಶಾಂಭವಿಯ ಮೇಲೆ ಬಿದ್ದರು, ಎಲ್ಲರಿಗಿಂತ ಕೆಳಗೆ ನಾನು. ಆ ಗುಂಪಿನ ಅಡಿಯಲ್ಲಿ ಬಲಣ್ಣ ಮೆಲ್ಲಗೆ ನನ್ನ ಅಲಗಿಗೆ ತನ್ನ ಅಲಗು ತಾಗಿಸಿದ.

ಫೋನಿನಲ್ಲಿ ಡಿಪೋ ಪೂರ್ತಿ ಕೂಗುತ್ತಿತ್ತು. ಯಾರೋ ಬಸ್ಸಿನ ಹಾರನ್ ಒತ್ತಿ ಬಿಡುತ್ತಲೇ ಇರಲಿಲ್ಲ.

“ಯಾವ ಕಾಲಿಗೆ ಬಡೀತ ಅದು?” ಎಂದು ಕಸ್ತೂರಿ ಅರಚಿದಳು.

“ಎಡಗಾಲಿಗೆ ಅವ್ವಾ!”

“ಎಡಗಾಲಿಗಾ? ಮತ್ತ ರೈಟ್ ರೈಟ್ ಅಂತ ಹೊಯ್ಕೊಂಡಿ?”

“ಅವ್ವಾ, ನೀ ಕಂಡಕ್ಟರ್ ಹೌದೋ ಅಲ್ಲೋ?”

ಕಸ್ತೂರಿ ಬಹಳ ಹೊತ್ತು ನಕ್ಕಳು. ನಗು ಮುಗಿಯುವ ಕಡೆ ಮೂಗು ಎಳೆದ ಸದ್ದು ಬಂತು. “ಕುಂದಾ ತಿಂದಿಯೋ ಇಲ್ಲೋ?” ಎಂದು ಮಾತು ಬದಲಿಸಿದಳು.

ಇದೆಲ್ಲ ಆಗಿ ಎರಡು ವರ್ಷ. ಹೌದು, ನೀವು ಊಹಿಸಿದ್ದು ಸರಿ. ಶಾಂಭವಿಯ ಪಾದವೂ ಬೆಳೆಯಿತು. ಈಗ ನಾವು ಬೆಳಗಾವಿಯಲ್ಲಿ, ಅವಳ ಮನೆಯ ಅಲಮಾರಿಯ ಮೇಲೆ, ಒಂದು ರವೆ ಚೀಲದಲ್ಲಿ ಇದ್ದೇವೆ. ನನ್ನ ಪಕ್ಕೆಯ ಮೇಲೆ ಪಕ್ಕಿನ ಕಪ್ಪು ಗುರುತು ಹಾಗೇ ಇದೆ. ಒರೆಸಲು ಬಂದ ಕಸ್ತೂರಿಯ ಕೈಯನ್ನು ಶಾಂಭವಿ ಹಿಡಿದು ನಿಲ್ಲಿಸಿದ್ದಳು. ಮೂಲೆಯಲ್ಲಿ ಕೂತಾಗ ಯೋಚನೆ ಬರುತ್ತದೆ. ಓಡುವುದು ನಮ್ಮ ಅಲಗಿನಲ್ಲೇ ಇತ್ತು, ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಿಲ್ಲುವುದಕ್ಕೆ ಮಾತ್ರ ಯಾರಾದರೂ ನಮ್ಮ ಮಾತಿನಲ್ಲೇ ಕೂಗಬೇಕಾಯಿತು.

ಮೂಲೆಯಲ್ಲಿ ಹೀಗೆ ಮುದಿಯಾಗುತ್ತೇನೆ ಎಂದುಕೊಂಡಿದ್ದೆ. ಇವತ್ತು ಸಂಜೆ ಚೀಲದ ಬಾಯಿ ಬಿಚ್ಚಿತು!

ಒಂದು ಸಣ್ಣ ಪಾದ ನನ್ನೊಳಗೆ ಬಂತು. ಬೆಚ್ಚಗಿನ, ಚಡಪಡಿಸುವ ಪಾದ. ನಾಜನೀನ್ ಅಂತೆ, ರೋಲರ್ ರಿಂಕಿನಲ್ಲಿ ಈಗ ಅವಳೇ ಜೋರಂತೆ, ಬರುವ ಚಳಿಗಾಲಕ್ಕೆ ಲೇಹ್ ಕ್ಯಾಂಪಿಗೆ ಕರೆ ಬಂದಿದೆಯಂತೆ. ಸರಿಯಾಗಿ ಹಿಡಿಸಿತು. ಅವಳು ಬಗ್ಗಿ ನನ್ನನ್ನು ಮೂಸಿದಳು.

“ಅಕ್ಕಾ, ಇದರಾಗ ಕುಂದಾ ವಾಸನಿ ಬರಾಕತ್ತೈತಿ.”

“ಎಡದ್ದು ಹಂಗ. ಅದು ಬಾಳ ಚಲೋದು,” ಎಂದಳು ಶಾಂಭವಿ. ಬಲಣ್ಣ ಕೇಳಿಸಿಕೊಂಡ! “ನಾಳೆ ಮುಂಜಾನೆ ಆರೂವರಿಗೆ ಡಿಪೋ ಗೇಟಿಗೆ ಬಾ. ನಿಂದ್ರೂದು ಕಲಸತೇನಿ. ಇವನ್ನೂ ಹೆಗಲಿಗೆ ಹಾಕ್ಕೊಂಡ ಬಾ.”

“ಡಿಪೋದಾಗ ಐಸ್ ಎಲ್ಲೈತಿ ಅಕ್ಕಾ?”

“ಐಸ್ ಇಲ್ಲ. ಅವ್ವನ ಬಸ್ಸೈತಿ. ಬ್ರೇಕ್ ಐತಿ.”

“ಸೀಟ್ ಹಿಡೀಲೇನ?”

“ಸೀಟ್ ಹಿಡದ್ರ ನೋಡ ಮತ್ತ. ಆರೂವರಿ, ಡಿಪೋ ಗೇಟು. ಲಗೇಜಿಗೆ ಚಿಲ್ಲರೆ ತಗೊಂಡ ಬಾ.”